ಮರದ ಹಿಂದೆ ಸೂರ್ಯ ಇರಲಿಲ್ಲ

ಚೀನೀ ಲಿಪಿ ಕಲಿಯಲು ಕೂತಾಗ ನನ್ನ ಹತ್ತಿರ ಇದ್ದದ್ದು ಒಂದು ಪೆನ್ಸಿಲ್, ಒಂದು ಲೆಕ್ಕದ ಚೌಕುಳಿ ಪುಸ್ತಕ. ಅಲ್ಲಿನ ಮಕ್ಕಳೂ ಚೌಕದೊಳಗೇ ಬರೆದು ಕಲಿಯುತ್ತಾರೆ. ಅಡ್ಡ ಒಂದು, ಉದ್ದ ಒಂದು ಗೆರೆ ಬಿದ್ದ ಆ ಚೌಕವೇ ‘ಹೊಲ’ ಎಂಬ ಅಕ್ಷರ ಕೂಡ. ಬದು ಹಾಕಿದ ನಾಲ್ಕು ತಾಕು!

ಮರಕ್ಕೆ ‘ಮು’. ಕಾಂಡ, ಅಡ್ಡಗೆರೆ, ಎರಡೂ ಪಕ್ಕಕ್ಕೆ ಇಳಿಯುವ ಗೆರೆಗಳು. ಇಳಿದವನ್ನು ಜೋತುಬಿದ್ದ ಕೊಂಬೆ ಎಂದುಕೊಂಡಿದ್ದೆ. ಚೀನಾದ ಆನ್‌ಯಾಂಗ್‌ನಲ್ಲಿ ಸಿಕ್ಕ, ಮೂಳೆಯ ಮೇಲೆ ಕೊರೆದ, ಸುಮಾರು 3200 ವರ್ಷ ಹಳೆಯ ಮೂಳೆಬರಹದ ಚಿತ್ರ ನೋಡಿದ ಮೇಲೆ ತಿಳಿಯಿತು, ಅವು ಬೇರು. ಮೇಲಕ್ಕೆ ಬಾಗಿದ್ದ ಕೊಂಬೆಗಳು ಚಪ್ಪಟೆಯಾಗಿ ಅಡ್ಡಗೆರೆಯಾಗಿವೆ. ಆಮೇಲೆ ಎಲ್ಲ ಸಲೀಸು. ಬುಡಕ್ಕೊಂದು ಗೀರು ಹಾಕಿದರೆ ‘ಬೆನ್’, ಅಂದರೆ ಬೇರು, ಮೂಲ. ಎರಡು ಮರ ತೋಪು, ಮೂರು ಮರ ಕಾಡು. ಮರಕ್ಕೊಬ್ಬ ಮನುಷ್ಯ ಒರಗಿದರೆ ವಿಶ್ರಾಂತಿ. ಅರಳಿಕಟ್ಟೆ ಕಂಡವರಿಗೆ ಬಿಡಿಸಿ ಹೇಳಬೇಕಿಲ್ಲ. ಸೂರಿನ ಕೆಳಗೆ ಹಂದಿ ಇದ್ದರೆ ‘ಮನೆ’ ಎಂದಾಗ ಅಮ್ಮ ಮುಖ ಸಿಂಡರಿಸಿದಳು. “ನಿನ್ನ ತವರಲ್ಲಿ ಎಮ್ಮೆ ಒಳಗೇ ಇತ್ತಲ್ಲಮ್ಮಾ” ಎಂದೆ.

ಎಡವಿದ್ದು ‘ಪೂರ್ವ’ದಲ್ಲಿ. ಹಳೆಯ ರೂಪದಲ್ಲಿ ಅದು ಮರದ ನಡುವೆ ಸೂರ್ಯ ಸಿಕ್ಕಿಕೊಂಡ ಹಾಗೆ ಕಾಣುತ್ತದೆ. ಮರದ ಹಿಂದಿನಿಂದ ಹೊತ್ತು ಹುಟ್ಟುತ್ತಿದೆ ಎಂದು ಸಿಕ್ಕವರಿಗೆಲ್ಲ ಹೇಳಿದ್ದೇ ಹೇಳಿದ್ದು. ಅದಕ್ಕೂ ಹಳೆಯ ಮೂಳೆಬರಹದಲ್ಲಿ ನೋಡಿದರೆ ಸೂರ್ಯನೂ ಇಲ್ಲ, ಮರವೂ ಇಲ್ಲ. ಎರಡೂ ತುದಿ ಕಟ್ಟಿದ ಮೂಟೆಯಂತಿದೆ. ದಿಕ್ಕಿನ ಚಿತ್ರ ಬರೆಯುವುದು ಹೇಗೆ? ಉಚ್ಚಾರ ಹೊಂದುವ ಇನ್ನೊಂದು ಚಿತ್ರವನ್ನು ಕಡ ತಂದಿದ್ದಾರೆ. ‘ಬರುವುದು’ ಎಂಬ ಅರ್ಥಕ್ಕೂ ಹೀಗೆಯೇ ಗೋಧಿಯ ಚಿತ್ರ ತಂದರು. ಸೂರ್ಯನ ಕತೆ ಕ್ರಿ.ಶ. 100ರ ಹೊತ್ತಿಗೆ ನಿಘಂಟು ಬರೆದ ಶೂ ಶೆನ್‌ನದು. ಮೂಳೆಬರಹ ವಿದ್ವಾಂಸರ ಕಣ್ಣಿಗೆ ಬಿದ್ದದ್ದು 1899ರಲ್ಲಿ. ಪಾಪ, ಅವನಾದರೂ ಏನು ಮಾಡಿಯಾನು?

ಇಷ್ಟಾದರೂ ಬುದ್ಧಿ ಬರಲಿಲ್ಲ. ‘ಅಮ್ಮ’ ಎಂಬ ಅಕ್ಷರದಲ್ಲಿ ಎಡಕ್ಕೆ ಹೆಣ್ಣು, ಬಲಕ್ಕೆ ಕುದುರೆ. ಕುದುರೆಯಂತೆ ದುಡಿಯುವವಳು ಅಮ್ಮ ಎಂದು ಕತೆ ಹೊಸೆದೆ. ಅಸಲಿಗೆ ಕುದುರೆ ಅಲ್ಲಿರುವುದು ‘ಮಾ’ ಎಂಬ ಸದ್ದಿಗೆ ಮಾತ್ರ. ಅರ್ಥ ಎಡಕ್ಕೆ, ಸದ್ದು ಬಲಕ್ಕೆ. ಐದರಲ್ಲಿ ನಾಲ್ಕಕ್ಕೂ ಹೆಚ್ಚು ಅಕ್ಷರಗಳು ಹೀಗೆ ಅರ್ಥ, ಸದ್ದು ಸೇರಿ ಆದವು. ಶೂ ಶೆನ್ ಪಟ್ಟಿ ಮಾಡಿದ 9353ರಲ್ಲಿ ಅಪ್ಪಟ ಚಿತ್ರಗಳು ಕೆಲವು ನೂರು ಮಾತ್ರ.

ಹೊಸ ಪುಸ್ತಕ ತಂದು, ಒಂದೊಂದು ಸದ್ದಿಗೆ ಒಂದೊಂದು ಪುಟ ಬಿಟ್ಟೆ. ಕುದುರೆಯ ಪುಟದಲ್ಲಿ ಈಗ ಅಮ್ಮ, ಇರುವೆ, ಬೈಗುಳ ಮೂರೂ ಒಟ್ಟಿಗಿವೆ.