ರಾಷ್ಟ್ರಗೀತೆ, ಪ್ರತಿಭಟನೆ, ದೇಶಪ್ರೇಮ: ಈ ಚರ್ಚೆಯನ್ನು ತರಗತಿಯಲ್ಲಿ ನಡೆಸುವ ಬಗೆ

ಮೈಸೂರು ಮತ್ತು ಮಂಡ್ಯ ಜಿಲ್ಲೆಗಳ ಪದವಿಪೂರ್ವ ಕಾಲೇಜುಗಳಲ್ಲಿ ಸ್ವಾತಂತ್ರ್ಯೋತ್ಸವವೋ ಗಣರಾಜ್ಯೋತ್ಸವವೋ ಹತ್ತಿರವಾದಂತೆ ದೇಶಪ್ರೇಮವನ್ನು ಕುರಿತ ಚರ್ಚಾಸ್ಪರ್ಧೆಗಳು ಏರ್ಪಾಡಾಗುತ್ತವೆ. ಅಲ್ಲಿ ಕೇಳಿಬರುವ ಭಾಷಣಗಳು ಬಹುಮಟ್ಟಿಗೆ ಹಿಂದಿನ ವರ್ಷದವೇ ಆಗಿರುತ್ತವೆ ಎಂಬುದು ತೀರ್ಪುಗಾರರಾಗಿ ಕುಳಿತವರಿಗೆಲ್ಲ ಗೊತ್ತು. ರಾಷ್ಟ್ರಗೀತೆಯನ್ನು ನುಡಿಸುತ್ತಿರುವಾಗ ಕ್ರೀಡಾಪಟುಗಳು ಮಂಡಿಯೂರುವುದು, ಮುಷ್ಟಿ ಎತ್ತುವುದು ಅಥವಾ ಮೌನವಾಗಿ ನಿಲ್ಲುವುದು ಸರಿಯೇ ಎಂಬ ಪ್ರಶ್ನೆ ಈ ಜಡತೆಯನ್ನು ಮುರಿಯಬಲ್ಲದು, ಆದರೆ ಸಿದ್ಧತೆಯಿಲ್ಲದೆ ಕೈಗೆತ್ತಿಕೊಂಡರೆ ಹತ್ತೇ ನಿಮಿಷದಲ್ಲಿ ಕೂಗಾಟಕ್ಕೆ ತಿರುಗಬಲ್ಲದು. ರಾಜ್ಯಶಾಸ್ತ್ರ, ಇತಿಹಾಸ ಅಥವಾ ದೈಹಿಕ ಶಿಕ್ಷಣವನ್ನು ಬೋಧಿಸುವವರು ಎರಡು ಪಿರಿಯಡ್‌ಗಳಲ್ಲಿ ಈ ಚರ್ಚೆಯನ್ನು ಹೇಗೆ ನಡೆಸಬಹುದು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಪರ-ವಿರೋಧದ ಪದ್ಧತಿಯನ್ನು ಬಿಡಿ

ಚೀಟಿ ಎತ್ತಿ ಒಬ್ಬರಿಗೆ ಪರ, ಒಬ್ಬರಿಗೆ ವಿರೋಧ ಎಂದು ಹಂಚುವ ನಮ್ಮ ಪದ್ಧತಿ ಇತರ ವಿಷಯಗಳಿಗೆ ಹೊಂದಬಹುದು, ಈ ವಿಷಯಕ್ಕೆ ಹೊಂದುವುದಿಲ್ಲ. ಪಕ್ಷ ನಿಗದಿಯಾದ ಕೂಡಲೇ ವಿದ್ಯಾರ್ಥಿಗೆ ಎದುರಿನವರ ಮಾತನ್ನು ಕೇಳಿಸಿಕೊಳ್ಳುವ ಅಗತ್ಯವೇ ಇಲ್ಲವಾಗುತ್ತದೆ. ಅದಕ್ಕಿಂತ ಹೆಚ್ಚಾಗಿ, 'ವಿರೋಧ'ದ ಚೀಟಿ ಬಂದ ಹುಡುಗನೋ ಹುಡುಗಿಯೋ ತಾನು ನಂಬದ ಮಾತಿಗಾಗಿ ಊರಿನಲ್ಲಿ ಹೆಸರು ಕೆಡಿಸಿಕೊಳ್ಳಬೇಕಾದ ಸಂದರ್ಭ ಒದಗಬಹುದು. 'ಇವರು ದೇಶಪ್ರೇಮಿಗಳೋ ದೇಶದ್ರೋಹಿಗಳೋ' ಎಂಬ ಪ್ರಶ್ನೆಯನ್ನಂತೂ ಇಡಲೇಬಾರದು, ಏಕೆಂದರೆ ಅದು ಉತ್ತರವನ್ನು ತನ್ನೊಳಗೇ ಇಟ್ಟುಕೊಂಡು ಬರುತ್ತದೆ. ಅದರ ಬದಲು ಕಪ್ಪುಹಲಗೆಯ ಮೇಲೆ ಹೀಗೆ ಬರೆಯಬಹುದು: ದೇಶವು ತಾನು ಕೊಟ್ಟ ಮಾತಿಗೆ ತಪ್ಪಿದೆ ಎಂದು ನಂಬಿದ ಪ್ರಜೆಯೊಬ್ಬ ಅದನ್ನು ರಾಷ್ಟ್ರಗೀತೆಯ ಹೊತ್ತಿನಲ್ಲಿಯೇ ತೋರಿಸಬಹುದೇ? ತೋರಿಸಿದರೆ ದೇಶವು ಅವನಿಂದ ಏನನ್ನು ಅಪೇಕ್ಷಿಸಬಹುದು?

ಈ ಪ್ರಶ್ನೆಗೆ ಮೊದಲ ಪಿರಿಯಡ್‌ನಲ್ಲಿ ಯಾರೂ ಉತ್ತರ ಹೇಳಬೇಕಾಗಿಲ್ಲ. ಆ ಪಿರಿಯಡ್ ಪೂರ್ತಿ ಘಟನೆಗಳಿಗೆ ಮೀಸಲು.

ಘಟನೆಗಳನ್ನು ವಿವರವಾಗಿ ಹೇಳಿ

ತೀರ್ಪು ಕೊಡುವ ಮುನ್ನ ಆ ಮನುಷ್ಯ ಮಾಡಿದ್ದೇನು, ಏಕೆ ಮಾಡಿದ, ಅದಕ್ಕೆ ಏನು ತೆತ್ತ ಎಂಬ ಮೂರು ಸಂಗತಿಗಳನ್ನು ವಿದ್ಯಾರ್ಥಿಗಳು ತಿಳಿದಿರಬೇಕು. 1968ರ ಅಕ್ಟೋಬರ್ 16ರಂದು ಮೆಕ್ಸಿಕೊ ನಗರದ ಒಲಿಂಪಿಕ್ಸ್‌ನಲ್ಲಿ ನಡೆದದ್ದನ್ನು ಮೊದಲು ಎತ್ತಿಕೊಳ್ಳುವುದು ಒಳ್ಳೆಯದು, ಏಕೆಂದರೆ ಅದರ ಛಾಯಾಚಿತ್ರ ಸುಲಭವಾಗಿ ಸಿಗುತ್ತದೆ ಮತ್ತು ಅದನ್ನು ನೋಡಿ ಕಲಿಯುವುದು ಬಹಳ ಇದೆ. 200 ಮೀಟರ್ ಓಟವನ್ನು 19.83 ಸೆಕೆಂಡುಗಳಲ್ಲಿ ಮುಗಿಸಿ ವಿಶ್ವದಾಖಲೆ ಮಾಡಿದ ಅಮೆರಿಕದ ಟಾಮಿ ಸ್ಮಿತ್ ಮತ್ತು ಕಂಚು ಗೆದ್ದ ಜಾನ್ ಕಾರ್ಲೋಸ್ ತಮ್ಮ ರಾಷ್ಟ್ರಗೀತೆ ಮೊಳಗುತ್ತಿದ್ದಾಗ ತಲೆ ತಗ್ಗಿಸಿ, ಕಪ್ಪು ಗವಸು ತೊಟ್ಟ ಮುಷ್ಟಿಗಳನ್ನು ಮೇಲೆತ್ತಿದರು. ಇದ್ದದ್ದು ಒಂದೇ ಜೊತೆ ಗವಸು; ಆದ್ದರಿಂದ ಸ್ಮಿತ್ ಬಲಗೈಯನ್ನೂ ಕಾರ್ಲೋಸ್ ಎಡಗೈಯನ್ನೂ ಎತ್ತಿದ್ದಾರೆ. ಕಾಲಿನಲ್ಲಿ ಬೂಟುಗಳಿಲ್ಲ, ಕಪ್ಪು ಕಾಲುಚೀಲಗಳು ಮಾತ್ರ. ಅದು ಕಪ್ಪು ಜನರ ಬಡತನದ ಸೂಚನೆ. ಚಿತ್ರವನ್ನು ತೋರಿಸಿ, ಮೂವರ ಎದೆಯ ಮೇಲೂ ಇರುವ ವಸ್ತು ಯಾವುದು ಎಂದು ಕೇಳಿ. ಸ್ವಲ್ಪ ಹೊತ್ತಿನ ನಂತರ ಯಾರಾದರೂ ಆ ಬಿಲ್ಲೆಯನ್ನು ಗುರುತಿಸುತ್ತಾರೆ. ಮಾನವ ಹಕ್ಕುಗಳಿಗಾಗಿ ಕ್ರೀಡಾಪಟುಗಳು ಕಟ್ಟಿಕೊಂಡಿದ್ದ ಸಂಘಟನೆಯ ಆ ಬಿಲ್ಲೆಯನ್ನು ಬೆಳ್ಳಿ ಗೆದ್ದ ಆಸ್ಟ್ರೇಲಿಯಾದ ಬಿಳಿಯ ಓಟಗಾರ ಪೀಟರ್ ನಾರ್ಮನ್ ಸಹ ಧರಿಸಿದ್ದ.

ತೆತ್ತ ಬೆಲೆಯ ಮಾತು ಅನಂತರದ್ದು. ಸ್ಮಿತ್ ಮತ್ತು ಕಾರ್ಲೋಸ್ ಇಬ್ಬರನ್ನೂ ತಂಡದಿಂದ ಅಮಾನತುಗೊಳಿಸಿ ಕ್ರೀಡಾಗ್ರಾಮದಿಂದ ಹೊರಗೆ ಕಳಿಸಲಾಯಿತು. ನಾರ್ಮನ್ ಮತ್ತೆಂದೂ ಒಲಿಂಪಿಕ್ಸ್‌ನಲ್ಲಿ ಓಡಲಿಲ್ಲ. 2006ರಲ್ಲಿ ಆತ ತೀರಿಕೊಂಡಾಗ ಶವಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ಸ್ಮಿತ್ ಮತ್ತು ಕಾರ್ಲೋಸ್ ಇದ್ದರು. ಆಸ್ಟ್ರೇಲಿಯಾದ ಸಂಸತ್ತು ಆತನ ಕ್ಷಮೆ ಕೇಳಿದ್ದು 2012ರಲ್ಲಿ. ಅಂದು ದೇಶಕ್ಕೆ ಅವಮಾನ ಮಾಡಿದರು ಎನಿಸಿಕೊಂಡವರಿಗೆ ಅವರು ಓದಿದ ಸ್ಯಾನ್ ಹೋಸೆಯ ವಿಶ್ವವಿದ್ಯಾಲಯದ ಆವರಣದಲ್ಲಿ 2005ರಲ್ಲಿ ಪ್ರತಿಮೆ ನಿಂತಿತು ಎಂಬುದನ್ನೂ ಹೇಳಬಹುದು, ಆದರೆ ಕಾಲವೇ ತೀರ್ಪು ಕೊಟ್ಟಿತು ಎಂಬ ಧಾಟಿಯಲ್ಲಿ ಹೇಳಬಾರದು. ಪ್ರತಿಮೆ ನಿಂತ ಮಾತ್ರಕ್ಕೆ ಪ್ರಶ್ನೆ ಮುಗಿಯುವುದಿಲ್ಲ.

ಎರಡನೆಯದು ಕಾಲಿನ್ ಕೇಪರ್‌ನಿಕ್‌ನದು. ಅಮೆರಿಕನ್ ಫುಟ್‌ಬಾಲ್‌ನ ಸ್ಯಾನ್ ಫ್ರಾನ್ಸಿಸ್ಕೊ ತಂಡದ ಈ ಆಟಗಾರ 2016ರ ಆಗಸ್ಟ್‌ನಲ್ಲಿ ರಾಷ್ಟ್ರಗೀತೆಯ ವೇಳೆ ಎದ್ದು ನಿಲ್ಲದೆ ಬೆಂಚಿನ ಮೇಲೆ ಕುಳಿತೇ ಇದ್ದ. ಕಪ್ಪು ಜನರನ್ನು ದಮನ ಮಾಡುವ ದೇಶದ ಧ್ವಜಕ್ಕೆ ಹೆಮ್ಮೆಯಿಂದ ಎದ್ದು ನಿಲ್ಲಲಾರೆ ಎಂಬುದು ಅವನ ವಾದವಾಗಿತ್ತು, ಮತ್ತು ಪೊಲೀಸರ ಕೈಯಲ್ಲಿ ಆಗುತ್ತಿದ್ದ ಸಾವುಗಳು ಅವನ ಮನಸ್ಸಿನಲ್ಲಿದ್ದವು. ಇದರ ನಂತರ ನಡೆದದ್ದನ್ನು ನಮ್ಮ ಪತ್ರಿಕೆಗಳು ಸಾಮಾನ್ಯವಾಗಿ ಬಿಟ್ಟುಬಿಡುತ್ತವೆ. ಸೇನೆಯ ವಿಶೇಷ ಪಡೆಯಲ್ಲಿದ್ದು ಬಳಿಕ ಇದೇ ಆಟವನ್ನು ಆಡಿದ್ದ ನೇಟ್ ಬಾಯರ್ ಎಂಬಾತ ಕೇಪರ್‌ನಿಕ್‌ನನ್ನು ಭೇಟಿಯಾಗಿ, ಕುಳಿತಿರುವುದು ಸೈನಿಕರಿಗೆ ನೋವುಂಟುಮಾಡುತ್ತದೆ, ಮಂಡಿಯೂರುವುದಾದರೆ ಅದು ಮಡಿದ ಸಂಗಾತಿಯ ಸಮಾಧಿಯೆದುರು ಸೈನಿಕರು ತೋರುವ ಭಂಗಿ ಎಂದು ತಿಳಿಸಿದ. ಸೆಪ್ಟೆಂಬರ್ 1ರ ಪಂದ್ಯದಿಂದ ಕೇಪರ್‌ನಿಕ್ ಮಂಡಿಯೂರತೊಡಗಿದ. ಅವಮಾನವೆಂದು ಜಗತ್ತೆಲ್ಲ ಚರ್ಚಿಸಿದ ಆ ಭಂಗಿಯು ಸೈನಿಕನೊಬ್ಬನೊಡನೆ ಮಾತುಕತೆಯಾಡಿ ಕಂಡುಕೊಂಡ ಹೊಂದಾಣಿಕೆಯಾಗಿತ್ತು ಎಂಬ ಈ ಸಂಗತಿಯನ್ನು ತಿಳಿದ ಮೇಲೂ ವಿದ್ಯಾರ್ಥಿಯೊಬ್ಬ ಅದನ್ನು ತಪ್ಪೆನ್ನಬಹುದು, ಆದರೆ ಆಗ ಅವನ ಕಾರಣಗಳು ಬೇರೆಯಾಗಿರಬೇಕಾಗುತ್ತದೆ. ಆ ಋತುವಿನ ನಂತರ ಯಾವ ತಂಡವೂ ಕೇಪರ್‌ನಿಕ್‌ನನ್ನು ಸೇರಿಸಿಕೊಳ್ಳಲಿಲ್ಲ; ಲೀಗ್‌ನೊಂದಿಗಿನ ಅವನ ವ್ಯಾಜ್ಯ 2019ರಲ್ಲಿ ರಾಜಿಯಲ್ಲಿ ಮುಗಿಯಿತು.

ಇದರ ಜೊತೆಗೆ ಅಲೆಹಾಂಡ್ರೊ ವಿಲನ್ಯುವಾನ ಪ್ರಸಂಗವನ್ನೂ ಇಡಿ. ಅಫ್ಘಾನಿಸ್ತಾನದಲ್ಲಿ ಸೈನಿಕನಾಗಿ ಸೇವೆ ಸಲ್ಲಿಸಿದ್ದ ಇದೇ ಆಟದ ಈ ಆಟಗಾರ 2017ರ ಸೆಪ್ಟೆಂಬರ್‌ನಲ್ಲಿ, ತನ್ನ ಪಿಟ್ಸ್‌ಬರ್ಗ್ ತಂಡವೆಲ್ಲ ರಾಷ್ಟ್ರಗೀತೆಯ ವೇಳೆ ಒಳಗೆ ಉಳಿದಾಗ ಮೈದಾನದ ಬಾಗಿಲಲ್ಲಿ ಒಬ್ಬನೇ ಎದೆಯ ಮೇಲೆ ಕೈಯಿಟ್ಟು ನಿಂತ. ದೇಶದ ಒಂದು ಭಾಗ ಅವನನ್ನು ಹೊಗಳಿತು. ಅವನಾದರೋ ಮರುದಿನ, ತನ್ನಿಂದಾಗಿ ಜೊತೆಗಾರರು ಟೀಕೆಗೆ ಗುರಿಯಾದರೆಂದು ವಿಷಾದ ವ್ಯಕ್ತಪಡಿಸಿದ.

ಕೊನೆಯದಾಗಿ ಇರಾನ್. 2022ರ ನವೆಂಬರ್ 21ರಂದು ಕತಾರ್‌ನ ವಿಶ್ವಕಪ್ ಫುಟ್‌ಬಾಲ್‌ನಲ್ಲಿ ಇಂಗ್ಲೆಂಡ್ ವಿರುದ್ಧ ಆಡುವ ಮುನ್ನ ಇರಾನಿನ ಆಟಗಾರರು ತಮ್ಮ ರಾಷ್ಟ್ರಗೀತೆಯನ್ನು ಹಾಡದೆ ಮೌನವಾಗಿ ನಿಂತರು. ಹಿಜಾಬ್ ಸರಿಯಾಗಿ ಧರಿಸಿಲ್ಲವೆಂದು ಬಂಧಿತಳಾದ ಮಹ್ಸಾ ಅಮಿನಿ ಎಂಬ ಯುವತಿಯ ಸಾವಿನ ನಂತರ ಅವರ ದೇಶದಲ್ಲಿ ದೊಡ್ಡ ಚಳವಳಿ ನಡೆಯುತ್ತಿತ್ತು. ವೇಲ್ಸ್ ವಿರುದ್ಧದ ಮುಂದಿನ ಪಂದ್ಯದಲ್ಲಿ ಅವರು ಹಾಡಿದರು. ಇರಾನಿನವರನ್ನು ಧೀರರೆಂದೂ ಕೇಪರ್‌ನಿಕ್‌ನನ್ನು ಕೃತಘ್ನನೆಂದೂ ಒಂದೇ ಉಸಿರಿನಲ್ಲಿ ಹೇಳುವ ವಿದ್ಯಾರ್ಥಿಗಳು ಇದ್ದೇ ಇರುತ್ತಾರೆ. ಅವರನ್ನು ತಿದ್ದಬೇಡಿ, ಎರಡಕ್ಕೂ ಇರುವ ವ್ಯತ್ಯಾಸವೇನು ಎಂದಷ್ಟೇ ಕೇಳಿ. ಅಮೆರಿಕದಲ್ಲಿ ಮತದಾನ, ನ್ಯಾಯಾಲಯ, ಪತ್ರಿಕೆಗಳೆಂಬ ಬೇರೆ ದಾರಿಗಳಿದ್ದವು ಎಂಬ ಉತ್ತರ ಬಂದರೆ ಅದು ನಿಜಕ್ಕೂ ಗಟ್ಟಿಯಾದ ಉತ್ತರ.

ನಾಲ್ಕು ಅಂಕಣಗಳು

ಎರಡನೆಯ ಪಿರಿಯಡ್ ಆರಂಭವಾದಾಗ ಕಪ್ಪುಹಲಗೆಯನ್ನು ಕಾನೂನು, ಸಂಸ್ಥೆಯ ನಿಯಮ, ವಾಡಿಕೆ, ಅಂತಃಸಾಕ್ಷಿ ಎಂದು ನಾಲ್ಕು ಅಂಕಣಗಳಾಗಿ ಭಾಗಿಸಿ, ಯಾರು ಏನೇ ಹೇಳಿದರೂ ಅದು ಯಾವ ಅಂಕಣಕ್ಕೆ ಸೇರುತ್ತದೆ ಎಂದು ಅವರಿಂದಲೇ ಹೇಳಿಸಿ ಬರೆಯಬೇಕು. ಈ ವಿಷಯದಲ್ಲಿ ಆಗುವ ಜಗಳಗಳಲ್ಲಿ ಹೆಚ್ಚಿನವು ವಾಡಿಕೆಯನ್ನು ಕಾನೂನೆಂದು ತಿಳಿಯುವುದರಿಂದ ಹುಟ್ಟುತ್ತವೆ.

ಕಾನೂನಿನ ಅಂಕಣದಲ್ಲಿ ನಮ್ಮ ದೇಶದ್ದನ್ನು ಖಚಿತವಾಗಿ ಹೇಳಬೇಕು. ರಾಷ್ಟ್ರೀಯ ಗೌರವಕ್ಕೆ ಅಪಮಾನವನ್ನು ತಡೆಯುವ 1971ರ ಅಧಿನಿಯಮದ 3ನೆಯ ಪ್ರಕರಣದ ಪ್ರಕಾರ ರಾಷ್ಟ್ರಗೀತೆಯ ಗಾಯನವನ್ನು ಉದ್ದೇಶಪೂರ್ವಕವಾಗಿ ತಡೆಯುವುದು ಅಥವಾ ಹಾಡುತ್ತಿರುವ ಸಭೆಗೆ ಅಡ್ಡಿಪಡಿಸುವುದು ಅಪರಾಧ. ಅದಕ್ಕೆ ಮೂರು ವರ್ಷಗಳವರೆಗೆ ಸೆರೆವಾಸ, ಅಥವಾ ದಂಡ, ಅಥವಾ ಎರಡೂ ಇವೆ. ರಾಷ್ಟ್ರಗೀತೆಯನ್ನು ಗೌರವಿಸುವುದು ಸಂವಿಧಾನದ 51ಎ ವಿಧಿಯು ಹೇಳುವ ಮೂಲಭೂತ ಕರ್ತವ್ಯಗಳಲ್ಲಿ ಮೊದಲನೆಯದರಲ್ಲಿಯೇ ಇದೆ. ಆದರೆ ಕೇರಳದ ಯೆಹೋವನ ಸಾಕ್ಷಿಗಳೆಂಬ ಕ್ರೈಸ್ತ ಪಂಥದ ಮೂವರು ಮಕ್ಕಳು ಶಾಲೆಯಲ್ಲಿ ಎದ್ದು ನಿಂತರೂ ಹಾಡುವುದಿಲ್ಲವೆಂಬ ಕಾರಣಕ್ಕೆ 1985ರಲ್ಲಿ ಹೊರಹಾಕಲ್ಪಟ್ಟಾಗ, ಸರ್ವೋಚ್ಚ ನ್ಯಾಯಾಲಯವು 1986ರ ಆಗಸ್ಟ್ 11ರ ಬಿಜೋ ಇಮ್ಯಾನುಯೆಲ್ ತೀರ್ಪಿನಲ್ಲಿ, ಗೌರವದಿಂದ ನಿಂತವರನ್ನು ಹಾಡಲೇಬೇಕೆಂದು ಬಲವಂತಪಡಿಸುವ ಕಾನೂನು ಇಲ್ಲವೆಂದು ಹೇಳಿ ಅವರನ್ನು ಮತ್ತೆ ಸೇರಿಸಿಕೊಳ್ಳುವಂತೆ ಆದೇಶಿಸಿತು. ಚಿತ್ರಮಂದಿರಗಳಲ್ಲಿ ರಾಷ್ಟ್ರಗೀತೆಯನ್ನು ಕಡ್ಡಾಯಗೊಳಿಸಿದ್ದ 2016ರ ನವೆಂಬರ್ 30ರ ಮಧ್ಯಂತರ ಆದೇಶವನ್ನು ಅದೇ ನ್ಯಾಯಾಲಯವು 2018ರ ಜನವರಿ 9ರಂದು ಮಾರ್ಪಡಿಸಿ ಐಚ್ಛಿಕಗೊಳಿಸಿತು. ಇವೆರಡನ್ನೂ ಕೇಳದೆಯೇ ಪದವಿ ಮುಗಿಸುವವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ.

ಅಮೆರಿಕದಲ್ಲಿ ಎರಡನೆಯ ಮಹಾಯುದ್ಧ ನಡೆಯುತ್ತಿದ್ದ 1943ರಲ್ಲಿಯೇ, ಧ್ವಜವಂದನೆ ಮಾಡುವಂತೆ ಶಾಲಾಮಕ್ಕಳನ್ನು ಸರ್ಕಾರ ಬಲವಂತಪಡಿಸುವಂತಿಲ್ಲ ಎಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಹೇಳಿತು. ಆದರೆ ಆ ರಕ್ಷಣೆ ಸರ್ಕಾರದ ಎದುರು ಮಾತ್ರ. ಕೇಪರ್‌ನಿಕ್‌ನ ಉದ್ಯೋಗದಾತ ಖಾಸಗಿ ತಂಡವಾಗಿದ್ದರಿಂದ ಅವನ ಪ್ರಕರಣ ಎರಡನೆಯ ಅಂಕಣಕ್ಕೆ ಸೇರುತ್ತದೆ. ಒಲಿಂಪಿಕ್ಸ್‌ನ ವಿಧಿಗಳಲ್ಲಿ 50ನೆಯದೂ ಅಲ್ಲಿಯದೇ. ಕ್ರೀಡಾಂಗಣದಲ್ಲಿ ರಾಜಕೀಯ ಪ್ರದರ್ಶನ ಕೂಡದೆನ್ನುವ ಆ ವಿಧಿಯನ್ನು ಟೋಕಿಯೊ ಕ್ರೀಡಾಕೂಟದ ಹೊತ್ತಿಗೆ ಸಡಿಲಿಸಿ, ಸ್ಪರ್ಧೆ ಆರಂಭವಾಗುವ ಮುನ್ನ ಅಭಿಪ್ರಾಯ ಸೂಚಿಸಲು ಅವಕಾಶ ಕೊಟ್ಟರೂ ಪದಕ ವಿತರಣೆಯ ವೇದಿಕೆಯಲ್ಲಿ ನಿಷೇಧವನ್ನು ಉಳಿಸಿಕೊಳ್ಳಲಾಯಿತು.

ಶಿವಪುರ ಮತ್ತು ಗುಡಿಗೆರೆ

ಮದ್ದೂರು ತಾಲ್ಲೂಕಿನ ಶಿವಪುರದಲ್ಲಿ 1938ರ ಏಪ್ರಿಲ್‌ನಲ್ಲಿ ನಿಷೇಧಾಜ್ಞೆಯನ್ನು ಮೀರಿ ಕಾಂಗ್ರೆಸ್ ಧ್ವಜ ಹಾರಿಸಿ ಬಂಧನಕ್ಕೊಳಗಾದವರನ್ನು ನಾವು ಇಂದು ದೇಶಪ್ರೇಮಿಗಳೆಂದು ಗೌರವಿಸುತ್ತೇವೆ. ಅವರ ನೆನಪಿಗೆ ಅಲ್ಲಿ ಸತ್ಯಾಗ್ರಹ ಸೌಧವಿದೆ. ವಿದ್ಯಾರ್ಥಿಗಳು ಇದನ್ನು ಪರಕೀಯರ ವಿರುದ್ಧದ ಹೋರಾಟವೆಂದು ಸರಳಗೊಳಿಸುವುದು ಸಹಜ. ಆದರೆ ಅಂದು ಮೈಸೂರನ್ನು ಆಳುತ್ತಿದ್ದವರು ಜನರ ಪ್ರೀತಿಗೆ ಪಾತ್ರರಾಗಿದ್ದ ನಾಲ್ವಡಿ ಕೃಷ್ಣರಾಜ ಒಡೆಯರು, ದಿವಾನರು ಮಿರ್ಜಾ ಇಸ್ಮಾಯಿಲ್. ಸಂಸ್ಥಾನಕ್ಕೆ ತನ್ನದೇ ಧ್ವಜವಿತ್ತು, ತನ್ನದೇ ನಾಡಗೀತೆಯಿತ್ತು. ಶಿವಪುರದ ಸತ್ಯಾಗ್ರಹಿಗಳು ಮೈಸೂರಿಗೆ ನಿಷ್ಠೆಯಿಲ್ಲದವರಾಗಿದ್ದರೇ ಎಂದು ಕೇಳಿದರೆ ತರಗತಿ ಒಂದು ಕ್ಷಣ ತಡವರಿಸುತ್ತದೆ, ಮತ್ತು ಈ ಪಾಠಕ್ಕೆ ಬೇಕಾದದ್ದು ಆ ತಡವರಿಕೆಯೇ. ಅದೇ ವರ್ಷ ಸರ್ದಾರ್ ಪಟೇಲ್ ಮತ್ತು ಮಿರ್ಜಾ ಅವರ ನಡುವೆ ಆದ ಒಪ್ಪಂದವು ಸಂಸ್ಥಾನದ ಧ್ವಜದೊಂದಿಗೆ ಕಾಂಗ್ರೆಸ್ ಧ್ವಜವನ್ನೂ ಹಾರಿಸಲು ಅನುವು ಮಾಡಿಕೊಟ್ಟಿತು.

ಶಿವಪುರದವರು ಧ್ವಜವನ್ನು ಏರಿಸಲು ಆಜ್ಞೆ ಮೀರಿದರೆ ಕೇಪರ್‌ನಿಕ್ ಧ್ವಜದೆದುರು ನಿಲ್ಲಲು ಒಲ್ಲೆನೆಂದ. ಎರಡೂ ಒಂದೇ ಎನ್ನುವುದು ತಪ್ಪಾಗುತ್ತದೆ, ಹೋಲಿಕೆಯೇ ಇಲ್ಲವೆನ್ನುವುದೂ ಅಷ್ಟೇ ತಪ್ಪು. 2023ರ ಮೇ 28ರಂದು ದೆಹಲಿಯಲ್ಲಿ ಲೈಂಗಿಕ ಕಿರುಕುಳದ ವಿರುದ್ಧ ಪ್ರತಿಭಟಿಸುತ್ತ ತ್ರಿವರ್ಣ ಧ್ವಜವನ್ನು ಹಿಡಿದೇ ಬಂಧನಕ್ಕೊಳಗಾದ ಕುಸ್ತಿಪಟುಗಳನ್ನು ಇವೆರಡರ ನಡುವೆ ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಮಕ್ಕಳಿಗೇ ಬಿಡಿ.

ಅದೇ ಮದ್ದೂರು ತಾಲ್ಲೂಕಿನ ಗುಡಿಗೆರೆಯ ಯೋಧ ಎಚ್. ಗುರು 2019ರ ಫೆಬ್ರವರಿ 14ರ ಪುಲ್ವಾಮಾ ದಾಳಿಯಲ್ಲಿ ಹುತಾತ್ಮರಾದರು. ರಾಷ್ಟ್ರಗೀತೆಯ ಐವತ್ತೆರಡು ಸೆಕೆಂಡುಗಳು ಅಂತಹ ಮನೆಗಳವರಿಗೆ ವಾಡಿಕೆಯ ಮಾತಲ್ಲ. ಜಾತಿ, ಪಕ್ಷಗಳನ್ನು ಬದಿಗಿಟ್ಟು ಎಲ್ಲರೂ ಒಟ್ಟಿಗೆ ನಿಲ್ಲುವ ಹೊತ್ತು ನಮಗೆ ಬಹಳ ಕಡಿಮೆಯಿರುವಾಗ ಅದನ್ನೂ ವಾದದ ಕಣವಾಗಿಸಬೇಕೇ ಎಂಬ ಅವರ ಪ್ರಶ್ನೆಗೆ ನ್ಯಾಯಾಲಯದ ತೀರ್ಪನ್ನು ಓದಿ ಉತ್ತರಿಸಲಾಗದು. ಈ ಪಕ್ಷವನ್ನು ತರಗತಿಯ ಅತ್ಯಂತ ಸಮರ್ಥ ವಿದ್ಯಾರ್ಥಿಯಿಂದ ಮಂಡಿಸಬೇಕೆಂಬುದು ನನ್ನ ಖಚಿತವಾದ ಅಭಿಪ್ರಾಯ, ಏಕೆಂದರೆ ಗಟ್ಟಿ ದನಿಯವನಿಗೆ ಒಪ್ಪಿಸಿದರೆ ಅದು ಘೋಷಣೆಯಾಗಿ ಕೆಟ್ಟುಹೋಗುತ್ತದೆ.

ಎಚ್ಚರಿಕೆಗಳು

ಪಾಠದ ನಡುವೆ ಉದಾಹರಣೆಗೆಂದು ರಾಷ್ಟ್ರಗೀತೆಯನ್ನು ನುಡಿಸಬೇಡಿ. ನುಡಿಸಿದರೆ ಎಲ್ಲರೂ ಎದ್ದು ನಿಲ್ಲಬೇಕು, ಮಂಡಿಯೂರಿ ತೋರಿಸುವ ಅಭಿನಯವಂತೂ ಕಾನೂನಿನ ತೊಡಕಿಗೇ ದಾರಿಯಾಗಬಹುದು. ಛಾಯಾಚಿತ್ರಗಳು ಧಾರಾಳವಾಗಿ ಸಾಕು. ಪ್ರಾಂಶುಪಾಲರಿಗೆ ವಿಷಯವನ್ನೂ ಓದಿಸುವ ಸಾಮಗ್ರಿಯನ್ನೂ ಮುಂಚಿತವಾಗಿ ಬರವಣಿಗೆಯಲ್ಲಿ ಕೊಡಿ. ಮೊಬೈಲ್‌ನಲ್ಲಿ ಚಿತ್ರೀಕರಿಸುವುದು ಬೇಡ, ಅರ್ಧ ನಿಮಿಷದ ತುಣುಕೊಂದು ಊರೆಲ್ಲ ಸುತ್ತಿದ ಮೇಲೆ ಯಾವ ವಿವರಣೆಯೂ ಅದನ್ನು ಹಿಂಬಾಲಿಸಿ ಹಿಡಿಯಲಾರದು. ಇನ್ನೊಂದು ಮಾತನ್ನು ಒತ್ತಿ ಹೇಳಬೇಕು: ಮುಸ್ಲಿಂ ಅಥವಾ ಕ್ರೈಸ್ತ ವಿದ್ಯಾರ್ಥಿಯತ್ತ ತಿರುಗಿ 'ನೀನೇನು ಹೇಳುತ್ತೀಯಪ್ಪ' ಎಂದು ಕೇಳುವುದು, ಕೇಳುವವರ ಮನಸ್ಸಿನಲ್ಲಿ ಕೆಡುಕಿಲ್ಲದಿದ್ದರೂ, ಆ ಮಗುವಿನ ದೇಶಪ್ರೇಮಕ್ಕೆ ಸಾಕ್ಷಿ ಕೇಳಿದಂತೆ. ತಾವಾಗಿ ಕೈಯೆತ್ತಿದವರಿಗಷ್ಟೇ ಮಾತು ಕೊಡಿ.

ಲಿಖಿತ ಕೆಲಸ

ಚರ್ಚೆಯ ನಂತರ ಒಂದು ಪುಟದ ಬರಹ ತರಿಸಿ. ಮೊದಲ ಭಾಗದಲ್ಲಿ ಒಂದು ಘಟನೆಯನ್ನು ತಪ್ಪಿಲ್ಲದೆ ನಿರೂಪಿಸಬೇಕು. ಎರಡನೆಯದರಲ್ಲಿ ತಾನು ಒಪ್ಪದ ವಾದವನ್ನು, ಆ ವಾದವನ್ನು ನಂಬುವ ಸಹಪಾಠಿಯೇ ಓದಿ 'ಸರಿಯಾಗಿ ಬರೆದಿದ್ದೀಯ' ಎಂದು ಸಹಿ ಹಾಕುವಷ್ಟು ನ್ಯಾಯವಾಗಿ ಬರೆಯಬೇಕು. ಸ್ವಂತ ನಿಲುವು ಕೊನೆಗೆ. ಹತ್ತು ಅಂಕಗಳಲ್ಲಿ ಮೊದಲೆರಡಕ್ಕೆ ನಾಲ್ಕು ನಾಲ್ಕು, ನಿಲುವಿಗೆ ಎರಡು. ಈ ಹಂಚಿಕೆಯನ್ನು ಚರ್ಚೆ ಆರಂಭವಾಗುವ ಮುನ್ನವೇ ಕಪ್ಪುಹಲಗೆಯ ಮೂಲೆಯಲ್ಲಿ ಬರೆದಿಟ್ಟರೆ, ಅಂಕ ಏಕೆ ಕಡಿಮೆಯಾಯಿತೆಂದು ಕೇಳಲು ಬರುವ ವಿದ್ಯಾರ್ಥಿಗೂ ಪೋಷಕರಿಗೂ ಉತ್ತರಿಸುವುದು ಸುಲಭವಾಗುತ್ತದೆ.