ರೋಥೆನ್‌ಬುರ್ಗ್‌ನ ಆ ಇಪ್ಪತ್ತು ನಿಮಿಷ

ಮೊದಲ ಸಲ ಜರ್ಮನಿಯ ಹಳೆಯ ಕೋಟೆ ಊರು ರೋಥೆನ್‌ಬುರ್ಗ್‌ಗೆ ಹೋದಾಗ ಸಂಜೆ ಆರು ದಾಟಿತ್ತು. ಕ್ರಿಸ್‌ಮಸ್ ಸಂತೆಯ ಚಿತ್ರ ಅಂದರೆ ಕತ್ತಲು ಬೇಕು, ದೀಪ ಬೇಕು ಅಂದುಕೊಂಡಿದ್ದೆ. ಮುನ್ನೂರು ಚಿತ್ರ ತೆಗೆದೆ. ನ್ಯೂರೆಂಬರ್ಗ್‌ನ ಮನೆಗೆ ಬಂದು ನೋಡಿದರೆ ಒಂದರಲ್ಲೂ ಊರಿಲ್ಲ. ಮೇಲೆ ಮಸಿ ಬಳಿದಂಥ ಆಕಾಶ, ಕೆಳಗೆ ಬೆಳ್ಳಗೆ ಉರಿದುಹೋದ ದೀಪಗಳು. ಆರೇಳು ನೂರು ವರ್ಷದ ಗೋಪುರಗಳು ಕತ್ತಲಲ್ಲಿ ಕರಗಿಹೋಗಿದ್ದವು.

ಮಾರನೆಯ ವರ್ಷ ಗಡಿಯಾರ ನೋಡಿಕೊಂಡು ಹೋದೆ. ಡಿಸೆಂಬರ್ ಮಧ್ಯದಲ್ಲಿ ಅಲ್ಲಿ ಸೂರ್ಯ ಮುಳುಗುವುದು ಸಂಜೆ 4:20ರ ಸುಮಾರಿಗೆ. ಅಲ್ಲಿಂದ ಇಪ್ಪತ್ತು ನಿಮಿಷ ಆಕಾಶ ಇನ್ನೂ ಬೆಳ್ಳಗಿರುತ್ತದೆ, ದೀಪಗಳು ಮಂಕು. ಆಮೇಲೆ 4:40ರಿಂದ 5 ಗಂಟೆವರೆಗೆ ಆಕಾಶ ಗಾಢ ನೀಲಿಗೆ ತಿರುಗಿ, ಅದರ ಬೆಳಕೂ ಅಂಗಡಿ ದೀಪದ ಬೆಳಕೂ ಹೆಚ್ಚುಕಡಿಮೆ ಸಮವಾಗುತ್ತವೆ. ನಾನು ಇಟ್ಟುಕೊಂಡ ಚಿತ್ರಗಳಲ್ಲಿ ಬಹುಪಾಲು ಆ ಇಪ್ಪತ್ತು ನಿಮಿಷದವೇ. ಮೋಡವಿದ್ದರೂ ನಿರಾಶರಾಗಬೇಡಿ, ಆ ಹೊತ್ತಿಗೆ ಮೋಡವೂ ನೀಲಿಯಾಗುತ್ತದೆ.

ಅಷ್ಟು ಕಡಿಮೆ ಸಮಯದಲ್ಲಿ ಓಡಾಡಿದರೆ ಕೈಗೆ ಏನೂ ಸಿಗುವುದಿಲ್ಲ. ಅದಕ್ಕೇ ಮಧ್ಯಾಹ್ನವೇ ಬಂದು, ಕ್ಯಾಮೆರಾ ಚೀಲದಲ್ಲೇ ಇಟ್ಟುಕೊಂಡು ಎರಡು ಗಂಟೆ ಸುತ್ತಿದೆ. ಪುರಭವನದ ಗೋಪುರದ 220 ಮೆಟ್ಟಿಲು ಹತ್ತಿ ಮೇಲಿನಿಂದ ಊರಿನ ಅಂದಾಜು ಹಿಡಿದೆ. ಇಲ್ಲಿಯ ಸಂತೆಗೆ ರೈಟರ್ಲೆಸ್‌ಮಾರ್ಕ್ಟ್ ಎನ್ನುತ್ತಾರೆ. ಅದು ಚೌಕದಲ್ಲಷ್ಟೇ ಇಲ್ಲ, ಪುರಭವನದ ಸುತ್ತ, ಸೇಂಟ್ ಯಾಕೋಬ್ ಚರ್ಚಿನ ಕಡೆಗೂ ಹರಡಿಕೊಂಡಿರುತ್ತದೆ. ನಾನು ಎರಡೇ ಜಾಗ ಆರಿಸಿಕೊಂಡೆ. ಒಂದು ಚೌಕದ ಮೂಲೆ. ಇನ್ನೊಂದು ಅಂಗಡಿಗಳ ಛಾವಣಿ ಮೇಲೆ ಚರ್ಚಿನ ಜೋಡಿ ಗೋಪುರ ಎದ್ದು ಕಾಣುವ ಕಡೆ.

ಜನಜಂಗುಳಿಯಲ್ಲಿ ಟ್ರೈಪಾಡ್ ಬಿಡಿಸುವುದು ಬೇಡ. ಇಕ್ಕಟ್ಟಿನಲ್ಲಿ ಯಾರಾದರೂ ಎಡವುತ್ತಾರೆ, ಮಕ್ಕಳ ಗಾಡಿ ತಳ್ಳುವವರಿಗೂ ತೊಂದರೆ. ಗೋಡೆಗೆ ಒರಗಿ, ಉಸಿರು ಬಿಗಿಹಿಡಿದು, 35 ಎಂಎಂ ಲೆನ್ಸಿನಲ್ಲಿ ಲೆನ್ಸಿನ ತೆರವು ಎಫ್ 2.8, ಶಟರ್ ಸೆಕೆಂಡಿನ ಅರುವತ್ತನೇ ಒಂದು ಭಾಗ, ಬೆಳಕಿನ ಸೂಕ್ಷ್ಮತೆ ಐಎಸ್‌ಒ 1600 ಇಟ್ಟು ತೆಗೆದೆ. ಕಪ್ಪು ಹೆಚ್ಚಿದಷ್ಟೂ ಕ್ಯಾಮೆರಾ ಮೋಸಹೋಗಿ ಚಿತ್ರವನ್ನು ಬೇಕಾದ್ದಕ್ಕಿಂತ ಬೆಳ್ಳಗೆ ಮಾಡುತ್ತದೆ. ಹಾಗಾಗಿ ಎಕ್ಸ್‌ಪೋಶರ್ ಒಂದು ಸ್ಟಾಪ್, ಅಂದರೆ ಬೆಳಕು ಅರ್ಧವಾಗುವಷ್ಟು, ಇಳಿಸಿದೆ. ಬಣ್ಣದ ಹದ ಹೊಂದಿಸುವ ವೈಟ್ ಬ್ಯಾಲೆನ್ಸ್ ಆಟೋದಲ್ಲಿ ಬಿಟ್ಟರೆ ದೀಪದ ಹಳದಿಯನ್ನು ಅದು ತೊಳೆದುಹಾಕುತ್ತದೆ. 4000 ಕೆಲ್ವಿನ್ನಿಗೆ ನಿಲ್ಲಿಸಿದಾಗ ಹಳದಿ ಹಳದಿಯಾಗಿ, ನೀಲಿ ನೀಲಿಯಾಗಿ ಉಳಿದವು.

ಚಳಿ ಬೇರೆ. ಬೆರಳು ಮರಗಟ್ಟುವ ಮೊದಲೇ ಬ್ಯಾಟರಿ ಸೋಲುತ್ತದೆ, ಹೆಚ್ಚಿನ ಎರಡನ್ನು ಅಂಗಿಯ ಒಳಜೇಬಿನಲ್ಲಿ ಮೈಬಿಸಿಗೆ ಇಟ್ಟುಕೊಂಡಿದ್ದೆ. ಹಿಂದಿನ ವರ್ಷ ಚಳಿಯಿಂದ ನೇರ ಕಾಫಿ ಅಂಗಡಿಗೆ ನುಗ್ಗಿದ್ದಕ್ಕೆ ಲೆನ್ಸಿನ ಮೇಲೆಲ್ಲ ನೀರು ಕೂತಿತ್ತು. ಈ ಸಲ ಬಾಗಿಲ ಹೊರಗೇ ಕ್ಯಾಮೆರಾವನ್ನು ಜಿಪ್ ಚೀಲದಲ್ಲಿ ಮುಚ್ಚಿ ಒಳಗೆ ಹೋದೆ, ಅರ್ಧ ಗಂಟೆ ತೆರೆಯಲೇ ಇಲ್ಲ.

ಜನರ ಮುಖದ ವಿಷಯ. ಜರ್ಮನಿಯಲ್ಲಿ ಗುರುತು ಸಿಗುವಂಥ ಮುಖವಿರುವ ಚಿತ್ರ ಪ್ರಕಟಿಸಲು ಸಾಮಾನ್ಯವಾಗಿ ಆ ವ್ಯಕ್ತಿಯ ಒಪ್ಪಿಗೆ ಬೇಕು. 1907ರಿಂದಲೂ ಅದಕ್ಕೆ ಕಾನೂನಿದೆ. ಕಾನೂನು ಇಲ್ಲದಿದ್ದರೂ ನನಗೆ ಕೇಳಿ ತೆಗೆಯುವುದೇ ಇಷ್ಟ. ತಾಮ್ರದ ಬಾಣಲೆಯಲ್ಲಿ ಸಕ್ಕರೆ ಬಾದಾಮಿ ಹುರಿಯುತ್ತಿದ್ದವರನ್ನು ‘ದಾರ್ಫ್ ಇಶ್ ಐನ್ ಫೋಟೋ ಮಾಖನ್?’ ಎಂದು ಕೇಳಿದೆ. ಅವರು ತಲೆಯಾಡಿಸಿ, ಬಾಣಲೆಯನ್ನು ದೀಪದ ಕಡೆ ತಿರುಗಿಸಿಯೇ ಕೊಟ್ಟರು. ಹಿಂದಿನಿಂದ ಬೆಳಕು ಬಿದ್ದಾಗ ಆವಿ ಎಷ್ಟು ಚೆನ್ನಾಗಿ ಕಾಣುತ್ತದೆಂದು ನನಗಿಂತ ಚೆನ್ನಾಗಿ ಅವರಿಗೆ ಗೊತ್ತಿತ್ತು. ಉಳಿದಂತೆ ಕೈಗಳು, ಗ್ಲೂವೈನ್ ಎಂಬ ಬಿಸಿ ಮಸಾಲೆ ವೈನಿನ ಲೋಟಗಳು, ಬೆನ್ನುಗಳು, ಅಷ್ಟೇ.

ಊರಲ್ಲೇ ರಾತ್ರಿ ಉಳಿದದ್ದು ಪ್ಲ್ಯೋನ್‌ಲೈನ್‌ಗಾಗಿ. ದಾರಿ ಕವಲೊಡೆಯುವ ಕಡೆ ತುಸು ವಾಲಿದಂತಿರುವ ಹಳದಿ ಮನೆ, ಎಡಕ್ಕೆ ಸೀಬರ್ಸ್ ಗೋಪುರ, ಬಲಕ್ಕೆ ಇಳಿಜಾರಿನ ಕೊನೆಯಲ್ಲಿ ಕೋಬೋಲ್‌ಟ್ಸೆಲ್ಲರ್ ಕೋಟೆಬಾಗಿಲು. ಹಗಲಿನಲ್ಲಿ ಅಲ್ಲಿ ಕಾಲಿಡಲು ಜಾಗವಿಲ್ಲ. ಬೆಳಿಗ್ಗೆ ಏಳೂವರೆಗೆ ಅದೇ ನೀಲಿ ಮತ್ತೆ ಬರುತ್ತದೆ, ಬೀದಿದೀಪಗಳು ಇನ್ನೂ ಉರಿಯುತ್ತಿರುತ್ತವೆ, ಯಾರೂ ಇರುವುದಿಲ್ಲ. ಅಲ್ಲಿ ಮಾತ್ರ ಟ್ರೈಪಾಡ್ ಇಟ್ಟು ಎರಡು ಸೆಕೆಂಡಿನ ಚಿತ್ರ ತೆಗೆದೆ.

ವಾಪಸು ಹೋಗುವ ಮೊದಲು ಕೋಟೆಗೋಡೆಯ ಛಾವಣಿಯ ದಾರಿಯಲ್ಲಿ ಪೂರ್ವದ ಕಡೆ ನಡೆದೆ. ಇಡೀ ಊರು ಮಧ್ಯಯುಗದ್ದು ಎಂದುಕೊಂಡೇ ಅಲ್ಲಿಯವರೆಗೆ ಕ್ಲಿಕ್ಕಿಸಿದ್ದೆ. 1945ರ ಮಾರ್ಚ್ 31ರ ಬಾಂಬ್ ದಾಳಿಯಲ್ಲಿ ಈ ಭಾಗ ನೆಲಸಮವಾಗಿತ್ತು; ಜಗತ್ತಿನ ಎಷ್ಟೋ ಕಡೆಯಿಂದ ದೇಣಿಗೆ ಬಂದು ಗೋಡೆ ಮತ್ತೆ ಎದ್ದಿತು. ಕೊಟ್ಟವರ ಹೆಸರು ಕಲ್ಲುಗಳಲ್ಲಿ ಸಾಲಾಗಿವೆ, ಜಪಾನಿನವರ ಹೆಸರೂ ಬಹಳ. ದೀಪವಿಲ್ಲ, ಸಂತೆಯಿಲ್ಲ, ಬೂದು ಬೆಳಕು. ಬದಿಯಿಂದ ಬೆಳಕು ಬೀಳುವ ಒಂದು ಕಲ್ಲು ಹುಡುಕಿ, ಕೆತ್ತಿದ ಅಕ್ಷರಗಳ ಮೇಲೆ ಫೋಕಸ್ ಮಾಡಿ, ಹಿಂದೆ ಮಸುಕಾಗಿ ಕೆಂಪು ಹೆಂಚುಗಳು ಬರುವ ಹಾಗೆ ನಿಂತೆ. ಮನೆಯ ಗೋಡೆಗೆ ದೊಡ್ಡದಾಗಿ ಅಚ್ಚು ಹಾಕಿಸಿದ್ದು ಅದೊಂದನ್ನೇ.