ಕ್ವೀನ್ ಆಂಥೂರಿಯಂ ಸಾಕಿದ ಕತೆ

ಮೊದಲ ಗಿಡವನ್ನು ನಾನೇ ಕೊಂದೆ, ಅದೂ ಒಂದೇ ತಿಂಗಳಲ್ಲಿ. ಆಂಥೂರಿಯಂ ವಾರೋಕ್ವಿಯಾನಂ ಅಂತ ಅದರ ಹೆಸರು. ಗಿಡದ ಹುಚ್ಚು ಹಿಡಿದವರೆಲ್ಲ ‘ಕ್ವೀನ್’ ಅಂತಲೇ ಕರೆಯುತ್ತಾರೆ. ಕೊಲಂಬಿಯಾದ ಮಳೆಕಾಡಿನದು. ಮಖಮಲ್ಲಿನಂಥ ಕಡುಹಸಿರು ಎಲೆ, ಅದರ ಮೇಲೆ ಬೆಳ್ಳಗಿನ ನರ. ಕಾಡಿನಲ್ಲಿ ಒಂದೊಂದು ಎಲೆ ಮೀಟರಿಗಿಂತ ಉದ್ದಕ್ಕೆ ಜೋತು ಬೀಳುತ್ತದೆ. ಬೆಂಗಳೂರಿನ ನಮ್ಮ ಮನೆಗೆ ಕೊರಿಯರ್‌ನಲ್ಲಿ ಬಂದಿದ್ದು ಬೆರಳುದ್ದದ ಮೂರೆಲೆ ಸಸಿ. ಬೆಲೆ 3,200 ರೂಪಾಯಿ. ಮನೆಯಲ್ಲಿ ಅರ್ಧ ಹೇಳಿದೆ.

ಇದು ಕೆಸುವಿನ ಕುಟುಂಬದ ಗಿಡ. ಕೆಸು ಅಂದರೆ ನನ್ನ ತಲೆಯಲ್ಲಿದ್ದಿದ್ದು ಬಚ್ಚಲ ನೀರು ಹರಿಯುವ ಕೆಸರು ಜಾಗ. ಕೆಂಪು ಮಣ್ಣು, ಕೋಕೋಪೀಟ್, ಎರೆಗೊಬ್ಬರ ಕಲೆಸಿ, ದಿನಾ ನೀರು ಹಾಕಿದೆ. ಎಲೆ ಹಳದಿಯಾಯಿತು. ನೀರು ಸಾಲದೇನೋ ಅಂತ ಇನ್ನೂ ಜಾಸ್ತಿ ಹಾಕಿದೆ. ಕಿತ್ತು ನೋಡಿದರೆ ಬೇರೆಲ್ಲ ಕಂದು ಲೋಳೆ. ಎಳೆದರೆ ಸಿಪ್ಪೆ ಕೈಗೆ ಬಂದು ಒಳಗೆ ದಾರದಂಥದ್ದು ಮಾತ್ರ ಉಳಿಯಿತು.

ತೀರ್ಥಹಳ್ಳಿಯಲ್ಲಿರುವ ಅಮ್ಮನಿಗೆ ಫೋನಿನಲ್ಲಿ ಹೇಳಿಕೊಂಡೆ. ಆ ಗಿಡ ಮರದ ಮೇಲೆ ಬೆಳೆಯುತ್ತೆ ಅಂದಿದ್ದೇ ತಡ, “ಮರಕೆಸುವಿಗೆ ಯಾರಾದ್ರೂ ಮಣ್ಣು ಹಾಕ್ತಾರೇನೇ?” ಅಂದರು. ಮಳೆಗಾಲದಲ್ಲಿ ಪತ್ರೊಡೆಗೆ ಅಂತ ಹಲಸಿನ ಕೊಂಬೆಯಿಂದ ಎಷ್ಟು ಸಲ ಕೊಯ್ದಿಲ್ಲ ನಾನು! ಅಲ್ಲಿ ಇರುವುದು ಪಾಚಿ, ಒದ್ದೆ ತೊಗಟೆ, ಸುತ್ತ ಗಾಳಿ. ನೀರು ಬಿದ್ದ ಕೂಡಲೇ ಇಳಿದುಹೋಗುತ್ತದೆ.

ಎರಡನೇ ಸಸಿಗೆ ಮಣ್ಣೇ ಮುಟ್ಟಿಸಲಿಲ್ಲ. ತೆಂಗಿನ ಸಿಪ್ಪೆಯ ತುಂಡುಗಳನ್ನು ಮೂರು ದಿನ ನೆನೆಸಿ, ದಿನಾ ನೀರು ಬದಲಿಸಿ ಉಪ್ಪಿನಂಶ ತೆಗೆದೆ. ಅದಕ್ಕೆ ಇದ್ದಿಲಿನ ಚೂರು, ಪರ್ಲೈಟ್ ಅನ್ನುವ ಹಗುರವಾದ ಬಿಳಿ ಕಲ್ಲಿನ ಹರಳು, ಒಂದು ಹಿಡಿ ಸ್ಫ್ಯಾಗ್ನಮ್ ಪಾಚಿ. ಕುಂಡ ಪಾರದರ್ಶಕ ಪ್ಲಾಸ್ಟಿಕ್ಕಿನದು, ಬದಿಗೂ ತೂತು. ಬೇರು ಬೆಳ್ಳಗಿದೆಯಾ ಅಂತ ಹೊರಗಿನಿಂದಲೇ ಕಾಣುತ್ತದೆ. ಮೇಲಿನ ಪಾಚಿ ಬೆರಳಿಗೆ ಒಣಗಿದಂತೆ ತಾಗಿದರೆ ಮಾತ್ರ ನೀರು.

ಆ ನೀರೂ ತಲೆನೋವಾಯಿತು. ಎಲೆಯ ತುದಿ ಸುಟ್ಟಂತಾಗಿ, ಕುಂಡದ ಅಂಚಿಗೆ ಬಿಳಿ ಪುಡಿ ಕಟ್ಟಿತು. ನಮ್ಮ ಬೋರ್‌ವೆಲ್ ನೀರಿನ ಟಿಡಿಎಸ್, ಅಂದರೆ ಲೀಟರಿನಲ್ಲಿ ಕರಗಿದ ಲವಣ ಎಷ್ಟು ಮಿಲಿಗ್ರಾಂ ಅಂತ ಅಳೆದರೆ 700 ದಾಟಿತ್ತು. ತಾರಸಿಯಲ್ಲಿ ಹಿಡಿದ ಮಳೆನೀರಿನದು 30 ಕೂಡ ಇಲ್ಲ. ಅವತ್ತಿನಿಂದ 200 ಲೀಟರಿನ ಡ್ರಮ್ ಒಂದು ರಾಣಿಗೇ ಮೀಸಲು. ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ಸಮವಾಗಿರುವ 19:19:19 ಗೊಬ್ಬರವನ್ನು ಲೀಟರಿಗೆ ಅರ್ಧ ಗ್ರಾಂ ಕರಗಿಸಿ ಹದಿನೈದು ದಿನಕ್ಕೊಮ್ಮೆ ಕೊಡುತ್ತೇನೆ. ಅಷ್ಟೇ.

ನಿಜವಾದ ಪರೀಕ್ಷೆ ಮಾರ್ಚ್‌ನಲ್ಲಿ. ಮಧ್ಯಾಹ್ನ ಗಾಳಿಯ ತೇವಾಂಶ ಶೇ. 30ಕ್ಕೆ ಇಳಿಯುತ್ತದೆ, ಇದಕ್ಕೋ 70 ಆದರೂ ಬೇಕು. ಹೊಸ ಎಲೆ ಸುರುಳಿಯಿಂದ ತಾಮ್ರದ ಬಣ್ಣದಲ್ಲಿ, ಒದ್ದೆ ಕಾಗದದಷ್ಟು ಮೆತ್ತಗೆ ಹೊರಬರುತ್ತದೆ. ಗಾಳಿ ಒಣಗಿದ್ದರೆ ಹೊದಿಕೆಗೇ ಅಂಟಿಕೊಂಡು ಹರಿಯುತ್ತದೆ. ಒಮ್ಮೆ ತಾಳ್ಮೆ ಕೆಟ್ಟು ಉಗುರಿನಿಂದ ಬಿಡಿಸಲು ಹೋದೆ. ಆ ಗಾಯ ಎಲೆಯ ಜೊತೆಗೇ ಬೆಳೆಯಿತು! ಆಮೇಲೆ ಹಳೇ ಮೀನಿನ ತೊಟ್ಟಿಯೊಳಗೆ ಕೂರಿಸಿದೆ. ಬರೀ ಮುಚ್ಚಿಟ್ಟರೆ ಬೂಸ್ಟು ಬರುತ್ತದೆ, ಅದಕ್ಕೆ ಕಂಪ್ಯೂಟರಿನ ಪುಟ್ಟ ಫ್ಯಾನ್ ಬೇಕೇ ಬೇಕು. ಥ್ರಿಪ್ಸ್ ಅನ್ನುವ, ಎಲೆಯ ರಸ ಹೀರುವ ಪುಟ್ಟ ಹುಳ ಬಂದಾಗ ಬೇವಿನೆಣ್ಣೆ ಹೊಡೆದು ಮಖಮಲ್ಲಿನ ಮೇಲೆ ಕಲೆ ಮಾಡಿಕೊಂಡೆ. ಈಗ ಒದ್ದೆ ಬಟ್ಟೆಯಿಂದ ಎಲೆಯ ಹಿಂಭಾಗ ಒರೆಸುತ್ತೇನೆ, ಭಾನುವಾರ ಬೆಳಿಗ್ಗೆ ಅದೇ ಕೆಲಸ.

ಇದು ಐದನೇ ವರ್ಷ. ದೊಡ್ಡ ಎಲೆ ಎರಡಡಿ ಆಗಿದೆ. ತೊಟ್ಟಿ ಸಾಲದೆ ಪೂರ್ವದ ಬಾಲ್ಕನಿಗೆ, ನೆರಳು ಬಲೆಯ ಕೆಳಗೆ ಬಂದಿದೆ. ಈ ವರ್ಷ ಹೂವಿನ ಕಡ್ಡಿಯೂ ಬಂತು. ಮೊದಲು ಹೆಣ್ಣಿನ ಸರದಿ: ಕಡ್ಡಿಯ ಮೇಲೆ ಅಂಟು ಹನಿ ಮೂಡುತ್ತವೆ. ಅವು ಒಣಗಿದ ಮೇಲೆ ಪರಾಗ ಉದುರುತ್ತದೆ. ಹಾಗಾಗಿ ಒಂದೇ ಹೂವಿನಿಂದ ಬೀಜ ಕಟ್ಟಿಸುವುದು ಕಷ್ಟ. ಪರಾಗವನ್ನು ಬ್ರಷ್ಷಿನಿಂದ ಗುಡಿಸಿ, ಕಾಗದದಲ್ಲಿ ಮಡಚಿ ಫ್ರೀಜರಿನಲ್ಲಿ ಬಟಾಣಿ ಪೊಟ್ಟಣದ ಪಕ್ಕ ಇಟ್ಟಿದ್ದೇನೆ. ಇನ್ನೊಂದು ಕಡ್ಡಿ ಬರಬೇಕು.